ಚೀಟಿ ಬರೆಯುವವರು, ಔಷಧಿ ಕೊಡುವವರು: ಇಬ್ಬರಿಗೂ ಒಟ್ಟಿಗೆ ತರಬೇತಿ ಯಾಕೆ?

ಬಿಪಿಗೆ ಕೊಡುವ ಮಾತ್ರೆಗಳಲ್ಲಿ ಅಮ್ಲೋಡಿಪಿನ್ ತುಂಬ ಸಾಮಾನ್ಯ. ಒಳ್ಳೆಯ ಮಾತ್ರೆಯೇ. ಆದರೆ ಕೆಲವರಿಗೆ ಇದರಿಂದ ಪಾದದ ಗಿಣ್ಣಿನ ಸುತ್ತ ಊತ ಬರುತ್ತದೆ. ಹಾಗೆ ಊತ ಬಂದ ರೋಗಿ ಬೇರೊಬ್ಬ ಡಾಕ್ಟರ್ ಹತ್ತಿರ ಹೋದರು ಅಂದುಕೊಳ್ಳಿ. ಮೈಯಲ್ಲಿ ನೀರು ನಿಂತಿದೆ ಎಂದು ಅವರು ಮೂತ್ರ ಜಾಸ್ತಿ ಮಾಡುವ ಮಾತ್ರೆ ಬರೆಯುತ್ತಾರೆ. ಆ ಮಾತ್ರೆ ಕೆಲವರ ರಕ್ತದಲ್ಲಿ ಯೂರಿಕ್ ಆಸಿಡ್ ಏರಿಸುತ್ತದೆ. ಕಾಲಿನ ಹೆಬ್ಬೆರಳಿನ ಕೀಲು ಕೆಂಪಾಗಿ ಊದಿಕೊಂಡು ಗೌಟ್ ಎಂಬ ಕೀಲುನೋವಿನ ಕಾಯಿಲೆ ಕಾಣಿಸುತ್ತದೆ. ನೋವು ತಡೆಯಲಾಗದೆ ರೋಗಿ ನೋವಿನ ಮಾತ್ರೆ ಶುರು ಮಾಡುತ್ತಾರೆ. ನೋವಿನ ಮಾತ್ರೆಗಳಲ್ಲಿ ಹಲವು ಬಿಪಿಯನ್ನು ಏರಿಸುತ್ತವೆ. ಬಿಪಿ ಏರಿತಲ್ಲ ಎಂದು ಅಮ್ಲೋಡಿಪಿನ್ ಡೋಸ್ ಹೆಚ್ಚಾಗುತ್ತದೆ. ಊತವೂ ಹೆಚ್ಚಾಗುತ್ತದೆ.

ಇಲ್ಲಿ ಯಾರೂ ದಡ್ಡತನ ಮಾಡಿಲ್ಲ. ಒಂದೊಂದು ಹೆಜ್ಜೆಯೂ ಆ ಹೊತ್ತಿಗೆ ಸರಿಯಾಗಿಯೇ ಕಂಡಿದೆ. ಒಂದು ಔಷಧಿಯ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಔಷಧಿ ಬರೆಯುವ ಈ ಸರಪಳಿಗೆ ವೈದ್ಯಕೀಯದಲ್ಲಿ ‘ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್’ ಎಂಬ ಹೆಸರಿದೆ. ವಯಸ್ಸಾದವರಲ್ಲಿ ಇದು ಅಪರೂಪವಲ್ಲ.

ಈ ಸರಪಳಿ ಯಾರ ಕಣ್ಣಿಗೆ ಬೀಳಬಹುದಿತ್ತು? ಮೂರೂ ಮಾತ್ರೆಗಳನ್ನು ಒಂದೇ ಕಡೆ ಕೊಂಡಿದ್ದರೆ, ಅಲ್ಲಿನ ಫಾರ್ಮಸಿಸ್ಟ್ ಕಣ್ಣಿಗೆ. ಯಾವುದು ಮೊದಲು ಬಂತು, ಯಾವುದು ಆಮೇಲೆ ಸೇರಿತು ಎಂಬ ಲೆಕ್ಕ ತಾರೀಖಿನ ಸಮೇತ ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಆದರೆ ಕಂಡದ್ದನ್ನು ಡಾಕ್ಟರ್‌ಗೆ ಹೇಳುವುದು ಬೇರೆಯೇ ಕೆಲಸ. ಯಾವಾಗ ಹೇಳಬೇಕು, ಹೇಗೆ ಹೇಳಬೇಕು, ಹೇಳಿದ್ದನ್ನು ಡಾಕ್ಟರ್ ಹೇಗೆ ತಗೊಳ್ಳಬೇಕು? ಇದನ್ನು ಅವರಿಬ್ಬರಿಗೂ ಕಾಲೇಜಿನಲ್ಲಿ ಹೆಚ್ಚಾಗಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಈಗ ಹಲವು ದೇಶಗಳು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕಲಿಸಲು ಹೊರಟಿರುವುದು ಇದನ್ನೇ.

## ಇಬ್ಬರೂ ಯಾರು?

ಕುಟುಂಬ ವೈದ್ಯರು ಅಂದರೆ ಯಾವ ತೊಂದರೆಯಾದರೂ ಮೊದಲು ಹೋಗಿ ತೋರಿಸುವ ಡಾಕ್ಟರ್. ಒಂದು ಅಂಗಕ್ಕೋ ಒಂದು ಕಾಯಿಲೆಗೋ ಸೀಮಿತರಲ್ಲ. ಒಬ್ಬ ರೋಗಿಯನ್ನು, ಎಷ್ಟೋ ಸಲ ಇಡೀ ಮನೆಯನ್ನೇ, ವರ್ಷಗಟ್ಟಲೆ ನೋಡುತ್ತಾರೆ.

ಸಮುದಾಯ ಫಾರ್ಮಸಿಸ್ಟ್ ಅಂದರೆ ಆಸ್ಪತ್ರೆಯ ಒಳಗಲ್ಲದೆ, ಜನರಿಗೆ ನೇರವಾಗಿ ತೆರೆದಿರುವ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಓದಿ ನೋಂದಣಿ ಮಾಡಿಸಿಕೊಂಡ ಔಷಧಿ ತಜ್ಞರು. ಕೌಂಟರಿನಲ್ಲಿ ನಿಂತು ಬಿಲ್ ಹಾಕುವವರೆಲ್ಲ ಫಾರ್ಮಸಿಸ್ಟ್ ಅಲ್ಲ. ಈ ವ್ಯತ್ಯಾಸ ರೋಗಿಗಳಿಗೆ ಗೊತ್ತಿರುವುದು ಕಡಿಮೆ. ಕೆಲವು ಡಾಕ್ಟರ್‌ಗಳಿಗೂ ಅಷ್ಟಾಗಿ ಗೊತ್ತಿರುವುದಿಲ್ಲ ಅನ್ನುವುದು ಈ ತರಬೇತಿಯ ಮೊದಲ ಗಂಟೆಯಲ್ಲೇ ಬಯಲಾಗುತ್ತದೆ. ಒಂದು ಔಷಧಿ ಮೈಯೊಳಗೆ ಹೇಗೆ ಕರಗುತ್ತದೆ, ಯಾವುದರ ಜೊತೆ ಸೇರಿದರೆ ಕೆಡುಕು, ಕಿಡ್ನಿ ಸೋತವರಿಗೆ ಡೋಸ್ ಎಷ್ಟು ಇಳಿಸಬೇಕು ಎಂಬುದನ್ನೆಲ್ಲ ಫಾರ್ಮಸಿಸ್ಟ್ ವರ್ಷಗಟ್ಟಲೆ ಓದಿರುತ್ತಾರೆ. ಕಾಯಿಲೆ ಏನೆಂದು ಪತ್ತೆ ಹಚ್ಚುವುದು ಡಾಕ್ಟರ್ ವಿದ್ಯೆ.

## ಬೇರೆಯಾಗಿದ್ದು ಸುಮ್ನೆ ಅಲ್ಲ

ಒಂದು ಕಾಲದಲ್ಲಿ ರೋಗ ನೋಡುವವರೇ ಔಷಧಿ ಅರೆದು ಕೊಡುತ್ತಿದ್ದರು. 13ನೇ ಶತಮಾನದಲ್ಲಿ ಸಿಸಿಲಿಯನ್ನು ಆಳುತ್ತಿದ್ದ ಚಕ್ರವರ್ತಿ ಎರಡನೇ ಫ್ರೆಡರಿಕ್ ಒಂದು ಕಟ್ಟಳೆ ಮಾಡಿದ. ವೈದ್ಯರು ಔಷಧಿ ಅಂಗಡಿ ಇಡುವಂತಿಲ್ಲ, ಔಷಧಿ ಮಾರುವವರ ಜೊತೆ ಲಾಭದ ಪಾಲು ಹಂಚಿಕೊಳ್ಳುವಂತಿಲ್ಲ. ಎರಡು ವೃತ್ತಿಗಳನ್ನು ಕಾನೂನಿನಿಂದ ಬೇರ್ಪಡಿಸಿದ ಯುರೋಪಿನ ಹಳೆಯ ಉದಾಹರಣೆ ಅಂತ ಇದನ್ನು ಹೇಳುತ್ತಾರೆ.

ಕಾರಣ ಸರಳ. ಬರೆಯುವವರೇ ಮಾರಿದರೆ ಬೇಡದ್ದನ್ನೂ ಬರೆಯುವ ಆಸೆ ಹುಟ್ಟುತ್ತದೆ. ಇನ್ನೊಬ್ಬರು ನೋಡಿ ಕೊಟ್ಟರೆ ತಪ್ಪು ಸಿಕ್ಕಿಬೀಳುತ್ತದೆ. ಹಾಗಾಗಿ ಇಬ್ಬರ ನಡುವಿನ ಅಂತರ ರೋಗಿಯ ಕಾವಲಿಗೆಂದೇ ಹುಟ್ಟಿದ್ದು. ಒಟ್ಟಿಗೆ ತರಬೇತಿ ಕೊಡುವುದು ಆ ಅಂತರವನ್ನು ಅಳಿಸಲು ಅಲ್ಲ. ಕಾವಲು ಇರಬೇಕು, ಆದರೆ ಕಾವಲುಗಾರ ಕೂಗಿದರೆ ಒಳಗಿದ್ದವರಿಗೆ ಕೇಳಿಸಬೇಕು, ಅಷ್ಟೇ.

## ಈಗಲೇ ಯಾಕೆ ಈ ಮಾತು?

ಎರಡು ಬದಲಾವಣೆಗಳು ಒಟ್ಟಿಗೇ ಆಗಿವೆ.

ಮೊದಲನೆಯದು, ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ. ಒಬ್ಬರಿಗೇ ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು, ಥೈರಾಯ್ಡ್ ಎಲ್ಲ ಇರುವುದು ಮಾಮೂಲಾಗಿದೆ. ದಿನಕ್ಕೆ ಐದು ಅಥವಾ ಅದಕ್ಕಿಂತ ಜಾಸ್ತಿ ಬಗೆಯ ಔಷಧಿ ತಗೊಳ್ಳುವುದನ್ನು ಪಾಲಿಫಾರ್ಮಸಿ ಅನ್ನುತ್ತಾರೆ. ಎರಡು ಔಷಧಿ ಇದ್ದರೆ ಒಂದಕ್ಕೊಂದು ಜಗಳ ಆಡುವ ಸಾಧ್ಯತೆ ಒಂದೇ ಜೋಡಿಗೆ. ಐದಿದ್ದರೆ ಹತ್ತು ಜೋಡಿ. ಹತ್ತಿದ್ದರೆ 45 ಜೋಡಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಹಾನಿಯಿಲ್ಲದ ಔಷಧಿ’ ಎಂಬ ಜಾಗತಿಕ ಕಾರ್ಯಕ್ರಮ ಶುರು ಮಾಡಿತು. ತಪ್ಪಿಸಬಹುದಾದ ಗಂಭೀರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸುವುದು ಅದರ ಗುರಿಯಾಗಿತ್ತು. ಔಷಧಿ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 42 ಬಿಲಿಯನ್ ಡಾಲರ್ ನಷ್ಟ ಎಂಬ ಅಂದಾಜನ್ನೂ ಆಗ ಕೊಟ್ಟಿತು.

ಎರಡನೆಯದು, ಫಾರ್ಮಸಿಸ್ಟ್ ಕೆಲಸವೇ ಬದಲಾಗುತ್ತಿದೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ 2007ರಿಂದಲೇ ಫಾರ್ಮಸಿಸ್ಟ್‌ಗಳಿಗೆ ಔಷಧಿ ಬರೆಯುವ ಅಧಿಕಾರ ಇದೆ. ಇಂಗ್ಲೆಂಡಿನಲ್ಲಿ 2024ರ ಜನವರಿ 31ರಿಂದ ‘ಫಾರ್ಮಸಿ ಫಸ್ಟ್’ ಎಂಬ ವ್ಯವಸ್ಥೆ ನಡೆಯುತ್ತಿದೆ. ಗಂಟಲು ನೋವು, ಸೈನಸ್, ಸರ್ಪಸುತ್ತು, ಹೆಂಗಸರ ಸಾಮಾನ್ಯ ಮೂತ್ರದ ಸೋಂಕು ಹೀಗೆ ಏಳು ತೊಂದರೆಗಳಿಗೆ ಡಾಕ್ಟರ್ ಚೀಟಿ ಇಲ್ಲದೆ, ಗೊತ್ತುಪಡಿಸಿದ ನಿಯಮದ ಒಳಗೆ ಫಾರ್ಮಸಿಸ್ಟೇ ಔಷಧಿ ಕೊಡಬಹುದು.

ಅಂದರೆ ಒಂದೇ ರೋಗಿಯ ಔಷಧಿಯನ್ನು ಈಗ ಇಬ್ಬರು ತೀರ್ಮಾನಿಸುತ್ತಾರೆ. ಇಬ್ಬರೂ ಮಾತಾಡದಿದ್ದರೆ ಮೊದಲಿಗಿಂತ ಗೊಂದಲ ಜಾಸ್ತಿಯಾಗುತ್ತದೆ, ಅಲ್ವಾ?

## ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ

ಒಂದು ದೊಡ್ಡ ಬೀರುವನ್ನು ಇಬ್ಬರು ಮೆಟ್ಟಿಲಿಂದ ಇಳಿಸುವುದನ್ನು ನೆನೆಸಿಕೊಳ್ಳಿ. ಮೇಲೆ ಹಿಡಿದವರಿಗೆ ಕೆಳಗಿನ ತಿರುವು ಕಾಣುವುದಿಲ್ಲ. ಕೆಳಗೆ ಹಿಡಿದವರಿಗೆ ಮೇಲಿನ ಗೋಡೆ ಎಷ್ಟು ಹತ್ತಿರ ಬಂತು ಗೊತ್ತಾಗುವುದಿಲ್ಲ. ಇಬ್ಬರಿಗೂ ಶಕ್ತಿ ಇದೆ. ಬೀರು ಬೀಳುವುದು ಶಕ್ತಿ ಸಾಲದೆ ಅಲ್ಲ, ‘ಸ್ವಲ್ಪ ನಿಲ್ಲಿ’ ಎಂದು ಯಾರೂ ಕೂಗದೆ ಇದ್ದಾಗ.

ಡಾಕ್ಟರ್‌ಗೆ ಗೊತ್ತಿರುವುದು: ಕಾಯಿಲೆ ಏನು, ರಕ್ತ ಪರೀಕ್ಷೆ ಏನು ಹೇಳಿತು, ಈ ಔಷಧಿಯನ್ನೇ ಯಾಕೆ ಆರಿಸಿದೆ, ಹಿಂದೆ ಯಾವುದು ಒಗ್ಗಲಿಲ್ಲ. ಫಾರ್ಮಸಿಸ್ಟ್‌ಗೆ ಗೊತ್ತಿರುವುದು: ರೋಗಿ ನಿಜಕ್ಕೂ ಏನು ಕೊಂಡರು, ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಬೇರೆ ಡಾಕ್ಟರ್ ಏನು ಬರೆದಿದ್ದಾರೆ, ಚೀಟಿ ಇಲ್ಲದೆ ಏನೇನು ತಗೊಂಡು ಹೋಗುತ್ತಾರೆ. ಡಾಕ್ಟರ್ ಮುಂದೆ ಹೇಳಲು ಮುಜುಗರಪಟ್ಟದ್ದನ್ನು ಕೌಂಟರಿನಲ್ಲಿ ಸುಲಭವಾಗಿ ಹೇಳುವವರೂ ಇದ್ದಾರೆ. ದೀರ್ಘ ಕಾಲದ ಕಾಯಿಲೆ ಇರುವವರಲ್ಲಿ ಹೇಳಿದಂತೆ ಔಷಧಿ ತಗೊಳ್ಳುವವರು, ಶ್ರೀಮಂತ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ತಿಂಗಳಿಗೆ ಬರಬೇಕಾದ ರೋಗಿ ಎರಡು ತಿಂಗಳಿಗೆ ಬಂದರೆ ಅದು ಮೊದಲು ಗೊತ್ತಾಗುವುದು ಫಾರ್ಮಸಿಸ್ಟ್‌ಗೆ.

ಥೈರಾಯ್ಡ್ ಮಾತ್ರೆಯ ಉದಾಹರಣೆ ನೋಡಿ. ಲಿವೋಥೈರಾಕ್ಸಿನ್ ತಗೊಳ್ಳುವವರು ಅದರ ಜೊತೆಗೇ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ನುಂಗಿದರೆ ಥೈರಾಯ್ಡ್ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಡಾಕ್ಟರ್‌ಗೆ ಕಾಣುವುದು ರಕ್ತ ಪರೀಕ್ಷೆಯ ಸಂಖ್ಯೆ ಮಾತ್ರ. ಹತೋಟಿಗೆ ಬಂದಿಲ್ಲ ಎಂದು ಡೋಸ್ ಏರಿಸುತ್ತಾರೆ. ಕ್ಯಾಲ್ಸಿಯಂ ಡಬ್ಬಿ ಕೊಂಡದ್ದು ಫಾರ್ಮಸಿಸ್ಟ್‌ಗೆ ಗೊತ್ತು, ಆದರೆ ರಕ್ತ ಪರೀಕ್ಷೆ ಏನಾಯಿತು ಗೊತ್ತಿಲ್ಲ. ಇಬ್ಬರೂ ಎರಡು ನಿಮಿಷ ಮಾತಾಡಿದ್ದರೆ ಡೋಸ್ ಏರಿಸುವುದೇ ಬೇಕಿರಲಿಲ್ಲ. ಮಾತ್ರೆ ತಗೊಳ್ಳುವ ಹೊತ್ತು ಬದಲಿಸಿದ್ದರೆ ಸಾಕಿತ್ತು.

ಇನ್ನೊಂದು ಇದಕ್ಕಿಂತ ಅಪಾಯದ್ದು. ಬಿಪಿಗೆ ಕೊಡುವ ಒಂದು ಗುಂಪಿನ ಮಾತ್ರೆ (ರಾಮಿಪ್ರಿಲ್, ಎನಾಲಾಪ್ರಿಲ್ ಥರದವು), ಮೂತ್ರ ಜಾಸ್ತಿ ಮಾಡುವ ಮಾತ್ರೆ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ. ಈ ಮೂರೂ ಒಟ್ಟಾದರೆ ಕಿಡ್ನಿಗೆ ದಿಢೀರ್ ಪೆಟ್ಟು ಬೀಳಬಹುದು. ಮೊದಲೆರಡು ಡಾಕ್ಟರ್ ಚೀಟಿಯಲ್ಲಿ ಇರುತ್ತವೆ. ಮೂರನೆಯದು ಎಷ್ಟೋ ಸಲ ಚೀಟಿಯೇ ಇಲ್ಲದೆ ಕೈಗೆ ಬಂದಿರುತ್ತದೆ.

## ತರಬೇತಿ ಅಂದರೆ ಒಂದೇ ಹಾಲಿನಲ್ಲಿ ಕೂರಿಸುವುದಲ್ಲ

ಇಂಥ ಕಲಿಕೆಗೆ ಅಂತರ-ವೃತ್ತಿ ಶಿಕ್ಷಣ ಎಂದು ಹೆಸರು. ಬ್ರಿಟನ್ನಿನಲ್ಲಿ 1987ರಲ್ಲಿ ಹುಟ್ಟಿದ ಕೈಪ್ ಎಂಬ ಸಂಸ್ಥೆ ಕೊಟ್ಟ ವ್ಯಾಖ್ಯೆ ಎಲ್ಲೆಡೆ ಬಳಕೆಯಲ್ಲಿದೆ. ಎರಡು ಅಥವಾ ಹೆಚ್ಚು ವೃತ್ತಿಗಳವರು ಒಬ್ಬರ ಜೊತೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಬಗ್ಗೆ ಒಬ್ಬರು ಕಲಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ 2010ರಲ್ಲಿ ಇದೇ ಅರ್ಥ ಬರುವ ಚೌಕಟ್ಟು ಹೊರಡಿಸಿತು.

ಇದರಲ್ಲಿ ‘ಜೊತೆ’ ಸುಲಭ. ಐವತ್ತು ಡಾಕ್ಟರು, ಐವತ್ತು ಫಾರ್ಮಸಿಸ್ಟರನ್ನು ಒಂದು ಹಾಲಿನಲ್ಲಿ ಕೂರಿಸಿ ಸಕ್ಕರೆ ಕಾಯಿಲೆಯ ಹೊಸ ಔಷಧಿಗಳ ಮೇಲೆ ಭಾಷಣ ಮಾಡಿಸಬಹುದು. ಎಲ್ಲರೂ ತಮ್ಮ ತಮ್ಮ ಪೈಕಿಯವರ ಪಕ್ಕದಲ್ಲೇ ಕೂತು, ಕೇಳಿ, ಸರ್ಟಿಫಿಕೇಟ್ ತಗೊಂಡು ಹೋಗುತ್ತಾರೆ. ಕಷ್ಟ ಇರುವುದು ‘ಒಬ್ಬರಿಂದ ಒಬ್ಬರು’ ಮತ್ತು ‘ಒಬ್ಬರ ಬಗ್ಗೆ ಒಬ್ಬರು’ ಎಂಬಲ್ಲಿ. ಒಳ್ಳೆಯ ತರಬೇತಿಯಲ್ಲಿ ಭಾಷಣ ಕಡಿಮೆ. ನಾಲ್ಕೈದು ಜನರ ಚಿಕ್ಕ ಗುಂಪಿಗೆ ಒಬ್ಬ ರೋಗಿಯ ಕತೆ ಕೊಡುತ್ತಾರೆ. ಡಾಕ್ಟರ್ ಕೈಗೆ ಪರೀಕ್ಷೆಯ ವರದಿ, ಫಾರ್ಮಸಿಸ್ಟ್ ಕೈಗೆ ಔಷಧಿ ಕೊಂಡ ದಾಖಲೆ. ಎರಡನ್ನೂ ಮುಂದಿಟ್ಟುಕೊಂಡರೆ ಮಾತ್ರ ಉತ್ತರ ಸಿಗುವಂತೆ ಕತೆ ಹೆಣೆದಿರುತ್ತಾರೆ. ನಡೆಸಿಕೊಡುವವರೂ ಇಬ್ಬರು, ಒಂದೊಂದು ವೃತ್ತಿಯಿಂದ ಒಬ್ಬರು. ಬರೀ ಡಾಕ್ಟರೇ ಕಲಿಸಿದರೆ ಯಾರು ಮೇಲು ಅನ್ನುವುದನ್ನು ಪಾಠ ಶುರುವಾಗುವ ಮೊದಲೇ ಹೇಳಿದ ಹಾಗಾಗುತ್ತದೆ.

ಜಾಗ ಬದಲಿಸುವುದೂ ಉಂಟು. ಡಾಕ್ಟರ್ ಒಂದು ಹೊತ್ತು ಔಷಧಿ ಕೌಂಟರಿನ ಹಿಂದೆ ನಿಂತು ನೋಡುತ್ತಾರೆ. ಫಾರ್ಮಸಿಸ್ಟ್, ರೋಗಿಗಳ ಒಪ್ಪಿಗೆ ಪಡೆದು, ಕ್ಲಿನಿಕ್ಕಿನ ಮೂಲೆಯಲ್ಲಿ ಕೂತು ನೋಡುತ್ತಾರೆ. ಒಂದು ಚೀಟಿಯಲ್ಲಿ ಡೋಸ್ ಬರೆಯುವುದು ಮರೆತರೆ ಕೌಂಟರಿನಲ್ಲಿ ಎಷ್ಟು ಜನ ಕಾಯಬೇಕಾಗುತ್ತದೆ ಎಂಬುದು ಒಬ್ಬರಿಗೆ ತಿಳಿಯುತ್ತದೆ. ಹತ್ತು ನಿಮಿಷದಲ್ಲಿ ಒಬ್ಬ ರೋಗಿಯ ನಾಲ್ಕು ತೊಂದರೆ ಕೇಳಿ ತೀರ್ಮಾನ ಮಾಡುವುದು ಏನೆಂದು ಇನ್ನೊಬ್ಬರಿಗೆ ತಿಳಿಯುತ್ತದೆ. ನನ್ನ ಲೆಕ್ಕದಲ್ಲಿ ಇಡೀ ತರಬೇತಿಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಕಲಿಸುವ ಭಾಗ ಇದೇ.

## ಒಂದು ಫೋನ್ ಕರೆ, ಎರಡು ರೀತಿ

ಮುಖ್ಯವಾದ ಅಭ್ಯಾಸ ಫೋನ್ ಕರೆಯದ್ದು. ಒಂದು ಉದಾಹರಣೆ ತಗೊಳ್ಳೋಣ. ರೋಗಿ ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ತಗೊಳ್ಳುತ್ತಿದ್ದಾರೆ. ಎದೆಯ ಸೋಂಕಿಗೆಂದು ಡಾಕ್ಟರ್ ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯೊಟಿಕ್ ಬರೆದಿದ್ದಾರೆ. ಈ ಎರಡೂ ಒಟ್ಟಿಗೆ ಹೋಗಬಾರದು. ಸಿಮ್ವಾಸ್ಟಾಟಿನ್ ಅನ್ನು ಮೈಯಿಂದ ಹೊರಹಾಕುವ ದಾರಿಯನ್ನು ಕ್ಲಾರಿತ್ರೊಮೈಸಿನ್ ತಡೆಯುತ್ತದೆ. ರಕ್ತದಲ್ಲಿ ಅದರ ಮಟ್ಟ ಏರಿ, ಸ್ನಾಯುಗಳು ಹಾಳಾಗಿ, ಕಿಡ್ನಿಗೂ ಪೆಟ್ಟಾಗಬಹುದು.

ತರಬೇತಿ ಇಲ್ಲದ ಕರೆ ಹೀಗಿರುತ್ತದೆ:

“ನಮಸ್ಕಾರ ಡಾಕ್ಟ್ರೇ, ನೀವು ಬರೆದ ಚೀಟಿಯಲ್ಲಿ ಸ್ವಲ್ಪ ತೊಂದರೆ ಇದೆ ಅನ್ಸುತ್ತೆ…”

“ಏನು ತೊಂದರೆ? ಯಾರ ಚೀಟಿ?”

“ಅದೇ, ಇಂಟರ್ಯಾಕ್ಷನ್ ಇದೆ ಅಂತ ಕಂಪ್ಯೂಟರ್ ತೋರಿಸ್ತಿದೆ.”

“ಕಂಪ್ಯೂಟರ್ ಎಲ್ಲದಕ್ಕೂ ತೋರಿಸುತ್ತೆ. ಕೊಡಿ ಪರವಾಗಿಲ್ಲ.”

ಫೋನ್ ಇಟ್ಟಾಯಿತು. ಫಾರ್ಮಸಿಸ್ಟ್ ಹೇಳಿದ್ದು ಸುಳ್ಳಲ್ಲ. ಡಾಕ್ಟರ್ ಹೇಳಿದ್ದೂ ಪೂರ್ತಿ ಸುಳ್ಳಲ್ಲ; ಕಂಪ್ಯೂಟರಿನ ಎಚ್ಚರಿಕೆಗಳಲ್ಲಿ ಬಹಳಷ್ಟು ಲೆಕ್ಕಕ್ಕಿಲ್ಲದವೇ. ಆದರೆ ಬೇಕಾದ ವಿಷಯ ಈ ಕಡೆಯಿಂದ ಆ ಕಡೆಗೆ ದಾಟಲೇ ಇಲ್ಲ.

ಇದಕ್ಕೆ ಕಲಿಸುವ ಒಂದು ಸಾಧನ ಎಸ್‌ಬಿಎಆರ್. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ, ತುರ್ತಿನಲ್ಲಿ ಗೊಂದಲವಿಲ್ಲದೆ ವರದಿ ಕೊಡಲು ಬಳಸುತ್ತಿದ್ದ ಕ್ರಮ ಇದು. ಆಮೇಲೆ ಆಸ್ಪತ್ರೆಗಳಿಗೆ ಬಂತು. ನಾಲ್ಕು ಮೆಟ್ಟಿಲು, ಅವುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಸೇರಿ ಎಸ್‌ಬಿಎಆರ್: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ಏನು ಮಾಡಬಹುದು. ಅದೇ ಕರೆ ಈಗ ಹೀಗಾಗುತ್ತದೆ:

“ನಮಸ್ಕಾರ ಡಾಕ್ಟ್ರೇ, ನಾನು ಫಾರ್ಮಸಿಸ್ಟ್. ನೀವು ಇವತ್ತು ಕ್ಲಾರಿತ್ರೊಮೈಸಿನ್ ಬರೆದ 68 ವರ್ಷದ ರೋಗಿ ಇಲ್ಲಿದ್ದಾರೆ. ಅವರು ದಿನಾ ರಾತ್ರಿ ಸಿಮ್ವಾಸ್ಟಾಟಿನ್ 40 ತಗೊಳ್ಳುತ್ತಾರೆ, ಅದನ್ನು ಬೇರೆ ಡಾಕ್ಟರ್ ಬರೆದಿದ್ದು. ಎರಡೂ ಒಟ್ಟಿಗೆ ಹೋದರೆ ಸ್ನಾಯುಗಳಿಗೆ ಅಪಾಯ ಅಂತ ನನ್ನ ಯೋಚನೆ. ಆಂಟಿಬಯೊಟಿಕ್ ಬದಲಿಸಬಹುದಾ, ಇಲ್ಲಾ ಕೋರ್ಸ್ ಮುಗಿಯುವ ತನಕ ಸಿಮ್ವಾಸ್ಟಾಟಿನ್ ನಿಲ್ಲಿಸೋಣವಾ?”

“ಸಿಮ್ವಾಸ್ಟಾಟಿನ್ ವಿಷಯ ಅವರು ನನಗೆ ಹೇಳಲೇ ಇಲ್ಲ. ಒಳ್ಳೇದಾಯ್ತು ಕೇಳಿದ್ದು. ಅವರಿಗೆ ಪೆನಿಸಿಲಿನ್ ಅಲರ್ಜಿ ಇದೆ, ಅದಕ್ಕೇ ಇದನ್ನು ಬರೆದೆ. ಸಿಮ್ವಾಸ್ಟಾಟಿನ್ ನಿಲ್ಲಿಸಿ.”

“ಸರಿ. ಆಂಟಿಬಯೊಟಿಕ್ ಏಳು ದಿನ, ಅಷ್ಟೂ ದಿನ ಸಿಮ್ವಾಸ್ಟಾಟಿನ್ ಇಲ್ಲ, ಕೋರ್ಸ್ ಮುಗಿದ ಮೇಲೆ ಮತ್ತೆ ಶುರು. ಬರೆದು ಕೊಟ್ಟು ನಾನೇ ಹೇಳುತ್ತೇನೆ. ಅಲರ್ಜಿ ವಿಷಯ ನಮ್ಮ ದಾಖಲೆಯಲ್ಲಿರಲಿಲ್ಲ, ಸೇರಿಸಿಕೊಳ್ಳುತ್ತೇನೆ.”

ಒಂದು ನಿಮಿಷವೂ ಆಗಲಿಲ್ಲ. ಏನೇನಾಯಿತು ಗಮನಿಸಿ. ಫಾರ್ಮಸಿಸ್ಟ್ ದೂರಲಿಲ್ಲ, ಎರಡು ದಾರಿ ಮುಂದಿಟ್ಟರು. ಡಾಕ್ಟರ್ ಯಾಕೆ ಬರೆದರು ಎಂಬುದು ಫಾರ್ಮಸಿಸ್ಟ್‌ಗೆ ಗೊತ್ತಾಯಿತು. ಕೊನೆಗೆ ಒಪ್ಪಿದ್ದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿ ಖಚಿತ ಮಾಡಿಕೊಂಡರು, ರೋಗಿಗೆ ಯಾರು ತಿಳಿಸಬೇಕು ಎಂಬುದೂ ತೀರ್ಮಾನವಾಯಿತು. ಇದನ್ನು ಬಿಟ್ಟರೆ ಎಡವಟ್ಟು ಖಂಡಿತ. ಡಾಕ್ಟರ್ ಹೇಳುತ್ತಾರೆ ಅಂತ ಫಾರ್ಮಸಿಸ್ಟ್, ಫಾರ್ಮಸಿಸ್ಟ್ ಹೇಳುತ್ತಾರೆ ಅಂತ ಡಾಕ್ಟರ್ ಸುಮ್ಮನಿರುತ್ತಾರೆ.

ತರಬೇತಿಯಲ್ಲಿ ಇದನ್ನು ನಾಟಕದಂತೆ ಆಡಿಸುತ್ತಾರೆ, ಪಾತ್ರ ಅದಲು ಬದಲು ಮಾಡಿ. ಡಾಕ್ಟರ್ ಕರೆ ಮಾಡುವ ಫಾರ್ಮಸಿಸ್ಟ್ ಆಗುತ್ತಾರೆ, ಫಾರ್ಮಸಿಸ್ಟ್ ಅವಸರದಲ್ಲಿರುವ ಡಾಕ್ಟರ್ ಆಗುತ್ತಾರೆ. ಎಲ್ಲದಕ್ಕೂ ಕರೆ ಮಾಡುವುದಲ್ಲ ಎಂಬುದೂ ಪಾಠದ ಭಾಗ. ಇವತ್ತೇ ಕೇಳಬೇಕಾದದ್ದು ಯಾವುದು, ಸಂದೇಶ ಕಳಿಸಿದರೆ ಸಾಕಾದದ್ದು ಯಾವುದು, ಮುಂದಿನ ಭೇಟಿಗೆ ಎತ್ತಿಡಬಹುದಾದದ್ದು ಯಾವುದು ಎಂದು ವಿಂಗಡಿಸಲು ಕಲಿಯಬೇಕು. ಆ ವಿಂಗಡಣೆಯನ್ನು ಇಬ್ಬರೂ ಕೂತು ಮಾಡಿಕೊಂಡರೆ ಚೆನ್ನ.

## ಹಿಂಜರಿಕೆ ಎಲ್ಲಿಂದ ಬರುತ್ತದೆ?

ವಿದ್ಯೆ ಇದ್ದೂ ಬಾಯಿ ಬರುವುದಿಲ್ಲ. ಫಾರ್ಮಸಿಸ್ಟ್‌ಗೆ ಬೈಸಿಕೊಳ್ಳುವ ಭಯ, ಆ ಡಾಕ್ಟರ್ ತಮ್ಮ ರೋಗಿಗಳನ್ನು ಬೇರೆ ಅಂಗಡಿಗೆ ಕಳಿಸಿಬಿಟ್ಟರೆ ಎಂಬ ಅಳುಕು. ಡಾಕ್ಟರ್‌ಗೆ ರೋಗಿಯ ಮುಂದೆ ತಮ್ಮ ಚೀಟಿಯನ್ನು ಪ್ರಶ್ನಿಸಿದರಲ್ಲ ಎಂಬ ಇರುಸುಮುರುಸು. ಔಷಧಿ ಮಾರಾಟ ಎಷ್ಟಾದರೂ ವ್ಯಾಪಾರ, ಸಲಹೆಯ ಹಿಂದೆ ಲಾಭದ ಲೆಕ್ಕ ಇದೆಯೇನೋ ಎಂಬ ಅನುಮಾನವೂ ಇರುತ್ತದೆ. ಇದಕ್ಕೆಲ್ಲ ಆಧಾರವೇ ಇಲ್ಲ ಅನ್ನಲಾಗದು.

ಬೇರೆ ಬೇರೆ ಗುಂಪಿನವರು ಸುಮ್ನೆ ಭೇಟಿಯಾದರೆ ಪೂರ್ವಗ್ರಹ ಕರಗುವುದಿಲ್ಲ ಎಂದು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಿವರಿಸಿದ್ದರು. ಅವರ ಪ್ರಕಾರ ನಾಲ್ಕು ಸಂಗತಿ ಬೇಕು: ಆ ಜಾಗದಲ್ಲಿ ಇಬ್ಬರಿಗೂ ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಮೇಲಿನವರ ಬೆಂಬಲ. ಅವರು ಬರೆದದ್ದು ಜನಾಂಗಗಳ ನಡುವಿನ ದ್ವೇಷದ ಬಗ್ಗೆ. ವೃತ್ತಿಗಳನ್ನು ಒಟ್ಟಿಗೆ ಕಲಿಸುವವರು ಅದನ್ನು ಇಲ್ಲಿಗೂ ಅನ್ವಯಿಸಿಕೊಂಡರು. ಚಿಕ್ಕ ಗುಂಪು, ಇಬ್ಬರು ಶಿಕ್ಷಕರು, ಒಬ್ಬನೇ ರೋಗಿಯ ಕತೆ ಎಂಬ ವಿನ್ಯಾಸ ಅಲ್ಲಿಂದಲೇ ಬೇರು ಪಡೆದದ್ದು.

## ಮುಖ ಪರಿಚಯದ ಬೆಲೆ

ತರಬೇತಿಯಲ್ಲಿ ಪಕ್ಕ ಕೂತವರು ನಾಳೆ ಒಂದೇ ರೋಗಿಗಳನ್ನು ನೋಡುವವರಾಗಿದ್ದರೆ ಕಲಿತದ್ದು ಉಳಿಯುತ್ತದೆ. ನೆದರ್ಲೆಂಡ್ಸ್ ಇದನ್ನು ಚೆನ್ನಾಗಿ ಹಿಡಿದಿದೆ. ಅಲ್ಲಿ ಒಂದು ಪ್ರದೇಶದ ಕುಟುಂಬ ವೈದ್ಯರೂ ಫಾರ್ಮಸಿಸ್ಟ್‌ಗಳೂ ನಿಯಮಿತವಾಗಿ ಸೇರುವ ಚಿಕ್ಕ ಗುಂಪುಗಳಿವೆ. ಒಂದು ಸಲಕ್ಕೆ ಒಂದು ವಿಷಯ. ತಾವೇ ಬರೆದ ಔಷಧಿಗಳ ಅಂಕಿಅಂಶ ಮುಂದಿಟ್ಟುಕೊಂಡು, ಯಾಕೆ ಹೀಗೆ ಬರೆಯುತ್ತೇವೆ, ಬದಲಿಸಬೇಕೇ ಎಂದು ಚರ್ಚಿಸಿ, ಒಂದು ಒಪ್ಪಂದಕ್ಕೆ ಬರುತ್ತಾರೆ. ಮುಂದಿನ ಸಲ ಒಪ್ಪಿದ್ದು ನಡೆಯಿತೇ ಎಂದು ನೋಡುತ್ತಾರೆ. ಸ್ವಿಟ್ಜರ್ಲೆಂಡಿನ ಫ್ರೈಬೋರ್ಗ್ ಪ್ರಾಂತ್ಯದಲ್ಲೂ 1990ರ ದಶಕದ ಕೊನೆಯಲ್ಲಿ ಇಂಥ ಗುಂಪುಗಳು ಶುರುವಾದವು. ಅಲ್ಲಿ ಚರ್ಚೆಯನ್ನು ನಡೆಸುವವರೇ ಫಾರ್ಮಸಿಸ್ಟ್.

ವಿದ್ಯಾರ್ಥಿಗಳಿಗೆ ಕಲಿಸಬೇಕೋ, ಕೆಲಸದಲ್ಲಿರುವವರಿಗೋ? ಎರಡೂ ಬೇಕು. ವಿದ್ಯಾರ್ಥಿಗಳಲ್ಲಿ ನಾವು–ಅವರು ಎಂಬ ಗೋಡೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಆದರೆ ಅವರ ಮುಂದೆ ನಿಜವಾದ ರೋಗಿಯ ಹೊರೆ ಇರುವುದಿಲ್ಲ, ಕಲಿತದ್ದು ಬೇಗ ಮಾಸುತ್ತದೆ. ಕೆಲಸದಲ್ಲಿರುವವರಿಗೆ ಸಮಸ್ಯೆ ಗೊತ್ತು, ಸಮಯ ಇಲ್ಲ.

## ಇದರಿಂದ ನಿಜಕ್ಕೂ ಪ್ರಯೋಜನ ಇದೆಯೇ?

ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ತರಬೇತಿ ಮುಗಿದ ಮೇಲೆ ಕೇಳಿದರೆ ಬಹುತೇಕರು ಚೆನ್ನಾಗಿತ್ತು, ಅವರ ಕೆಲಸದ ಬಗ್ಗೆ ಗೌರವ ಹೆಚ್ಚಾಯಿತು ಅನ್ನುತ್ತಾರೆ. ಅದನ್ನು ಅಳೆಯುವುದು ಸುಲಭ. ರೋಗಿಯ ಆರೋಗ್ಯ ಸುಧಾರಿಸಿತೇ ಎಂದು ತೋರಿಸುವುದು ಕಷ್ಟ, ಯಾಕೆಂದರೆ ನಡುವೆ ನೂರು ಸಂಗತಿ ಬಂದು ಸೇರುತ್ತವೆ. ಈ ಬಗೆಯ ಶಿಕ್ಷಣದ ಮೇಲಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕೊಕ್ರೇನ್ ಎಂಬ ಸಂಸ್ಥೆಯ ವಿಮರ್ಶೆ, ಕೆಲವು ಕಡೆ ಲಾಭ ಕಂಡಿದೆ, ಖಡಾಖಂಡಿತವಾಗಿ ಹೇಳುವಷ್ಟು ಪುರಾವೆ ಇನ್ನೂ ಇಲ್ಲ ಎಂಬ ತೀರ್ಮಾನಕ್ಕೆ ಬಂತು.

ಆದರೆ ಇಬ್ಬರೂ ಕೂಡಿ ಕೆಲಸ ಮಾಡಿದರೆ ತಪ್ಪು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಉದಾಹರಣೆ ಇದೆ. ಇಂಗ್ಲೆಂಡಿನ 72 ಕುಟುಂಬ ವೈದ್ಯ ಕೇಂದ್ರಗಳಲ್ಲಿ ನಡೆದ ‘ಪಿನ್ಸರ್’ ಎಂಬ ಪ್ರಯೋಗದ ಫಲಿತಾಂಶ 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಪಾಯದ ಚೀಟಿಗಳನ್ನು ಕಂಪ್ಯೂಟರಿನಿಂದ ಹುಡುಕಿದರು. ಹೊಟ್ಟೆ ಹುಣ್ಣು ಆಗಿದ್ದವರಿಗೆ ಹೊಟ್ಟೆ ಕಾಯುವ ಮಾತ್ರೆ ಇಲ್ಲದೆ ನೋವಿನ ಮಾತ್ರೆ, ಆಸ್ತಮಾ ಇರುವವರಿಗೆ ಉಸಿರುನಾಳ ಬಿಗಿಯಾಗಿಸಬಲ್ಲ ಬೀಟಾ ಬ್ಲಾಕರ್ ಎಂಬ ಬಿಪಿ, ಹೃದಯದ ಮಾತ್ರೆ, 75 ದಾಟಿದವರಿಗೆ ರಕ್ತ ಪರೀಕ್ಷೆ ಮಾಡಿಸದೆ ವರ್ಷಗಟ್ಟಲೆ ಕೆಲವು ಬಿಪಿ ಮಾತ್ರೆ, ಇಂಥವು. ಅರ್ಧ ಕೇಂದ್ರಗಳಿಗೆ ಪಟ್ಟಿಯನ್ನು ಮಾತ್ರ ಕೊಟ್ಟರು. ಉಳಿದವಕ್ಕೆ ಪಟ್ಟಿಯ ಜೊತೆ ತರಬೇತಿ ಪಡೆದ ಫಾರ್ಮಸಿಸ್ಟ್ ಹೋಗಿ, ಡಾಕ್ಟರ್ ಜೊತೆ ಕೂತು ಸರಿಪಡಿಸಲು ಕೆಲಸ ಮಾಡಿದರು. ಆರು ತಿಂಗಳ ನಂತರ ಎರಡನೇ ಗುಂಪಿನಲ್ಲಿ ಈ ಮೂರೂ ಬಗೆಯ ತಪ್ಪುಗಳು ಗಮನಾರ್ಹವಾಗಿ ಕಡಿಮೆ ಇದ್ದವು. ಬರೀ ಪಟ್ಟಿ ಕಳಿಸಿದರೆ ಅಷ್ಟು ಕೆಲಸವಾಗಲಿಲ್ಲ, ಕೂತು ಮಾತಾಡಿದ್ದರಿಂದ ಆಯಿತು. ವರ್ಷದ ಹೊತ್ತಿಗೆ ಲಾಭದ ಒಂದು ಪಾಲು ಕರಗಿತ್ತು ಅನ್ನುವುದನ್ನೂ ಹೇಳಬೇಕು. ಒಂದು ಸಲ ಮಾಡಿ ಬಿಡುವ ಕೆಲಸ ಇದಲ್ಲ.

ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗಳದ್ದೇ ಉದಾಹರಣೆ ಬೇಕಾದರೆ ಅಮೆರಿಕದ ಆಶ್‌ವಿಲ್ ನಗರದ್ದಿದೆ. 1996ರಲ್ಲಿ ಅಲ್ಲಿನ ನಗರಾಡಳಿತ ತನ್ನ ನೌಕರರಲ್ಲಿ ಸಕ್ಕರೆ ಕಾಯಿಲೆ ಇರುವವರನ್ನು ವಿಶೇಷ ತರಬೇತಿ ಪಡೆದ ಫಾರ್ಮಸಿಸ್ಟ್‌ಗಳಿಗೆ ಒಪ್ಪಿಸಿತು. ಅವರು ನಿಯಮಿತವಾಗಿ ರೋಗಿಯನ್ನು ಕಂಡು, ಬೇಕಾದಾಗ ಡಾಕ್ಟರ್‌ಗೆ ತಿಳಿಸುತ್ತಿದ್ದರು. ಸಕ್ಕರೆ ಮಟ್ಟ ಸುಧಾರಿಸಿತು, ಒಟ್ಟು ವೈದ್ಯಕೀಯ ಖರ್ಚೂ ಇಳಿಯಿತು. ಹೋಲಿಸಿ ನೋಡಲು ಬೇರೆ ಗುಂಪು ಇಲ್ಲದ್ದು ಅದರ ಕೊರತೆ.

## ತರಬೇತಿ ಒಂದರಿಂದಲೇ ಆಗದ್ದು

ಕಲಿತು ಬಂದವರಿಗೆ ಕೆಲಸದ ಜಾಗದಲ್ಲಿ ಅನುವು ಇರಬೇಕು. ಕ್ಲಿನಿಕ್ಕಿನ ಫೋನ್ ಸದಾ ಬ್ಯುಸಿ ಇದ್ದರೆ ಎಸ್‌ಬಿಎಆರ್ ಕಲಿತು ಏನು ಮಾಡುವುದು? ನೇರ ನಂಬರ್ ಅಥವಾ ಸಂದೇಶ ಕಳಿಸುವ ದಾರಿ ಬೇಕು. ಚೀಟಿಯ ಮೇಲೆ ಯಾವ ಕಾಯಿಲೆಗೆಂದು ಒಂದು ಪದ ಬರೆದರೂ ಫಾರ್ಮಸಿಸ್ಟ್ ಕೆಲಸ ಎಷ್ಟೋ ಹಗುರ. ರೋಗಿ ಒಪ್ಪಿದರೆ, ಬೇಕಾದಷ್ಟು ದಾಖಲೆ ಇಬ್ಬರಿಗೂ ಕಾಣುವಂತಿರಬೇಕು.

ಮತ್ತೆ ದುಡ್ಡಿನ ಪ್ರಶ್ನೆ. ಫಾರ್ಮಸಿಸ್ಟ್‌ಗೆ ಆದಾಯ ಬರುವುದು ಡಬ್ಬಿ ಮಾರಿದಾಗ ಮಾತ್ರ ಎಂದಾದರೆ, ಒಂದು ಮಾತ್ರೆ ನಿಲ್ಲಿಸಿ ಎಂದು ಹೇಳಿದ್ದಕ್ಕೆ ಅವರಿಗೆ ಸಿಗುವುದು ನಷ್ಟ. ಆಸ್ಟ್ರೇಲಿಯಾ 2001ರಲ್ಲಿ ಇದಕ್ಕೊಂದು ದಾರಿ ಮಾಡಿತು. ಅಲ್ಲಿ ಕುಟುಂಬ ವೈದ್ಯರು ಕಳಿಸಿದ ರೋಗಿಯ ಮನೆಗೇ ಫಾರ್ಮಸಿಸ್ಟ್ ಹೋಗುತ್ತಾರೆ. ಎಲ್ಲ ಔಷಧಿಗಳನ್ನೂ ಹರಡಿ ನೋಡಿ, ಡಾಕ್ಟರ್‌ಗೆ ವರದಿ ಕೊಡುತ್ತಾರೆ. ಡಾಕ್ಟರ್ ರೋಗಿಯ ಜೊತೆ ಕೂತು ಮುಂದಿನದನ್ನು ತೀರ್ಮಾನಿಸುತ್ತಾರೆ. ಇಬ್ಬರ ಈ ಕೆಲಸಕ್ಕೂ ಸರ್ಕಾರವೇ ಹಣ ಕೊಡುತ್ತದೆ. ಮಾತಾಡುವುದೂ ಕೆಲಸವೇ ಎಂದು ಒಪ್ಪಿದ ಮೇಲೆ ಅದಕ್ಕೆ ಸಂಬಳ ಬೇಡವೇ?

## ರೋಗಿ ಏನು ಮಾಡಬಹುದು?

ಎರಡೂ ಕಡೆಯ ಪೂರ್ತಿ ಕತೆ ಗೊತ್ತಿರುವವರು ಅಂದರೆ ರೋಗಿ ಒಬ್ಬರೇ. ತಗೊಳ್ಳುವ ಎಲ್ಲ ಔಷಧಿಗಳ ಒಂದೇ ಪಟ್ಟಿ ಇಟ್ಟುಕೊಂಡು ಅದನ್ನೇ ಎರಡೂ ಕಡೆ ತೋರಿಸಿದರೆ ಸಾಕು. ಚೀಟಿ ಇಲ್ಲದೆ ಕೊಂಡದ್ದು, ವಿಟಮಿನ್, ಗಿಡಮೂಲಿಕೆ ಔಷಧಿ, ಅಲರ್ಜಿ ಎಲ್ಲವೂ ಅದರಲ್ಲಿರಲಿ. ಆದಷ್ಟೂ ಒಂದೇ ಕಡೆ ಔಷಧಿ ಕೊಂಡರೆ ದಾಖಲೆ ಚದುರುವುದಿಲ್ಲ. ಫಾರ್ಮಸಿಸ್ಟ್ “ಸ್ವಲ್ಪ ಇರಿ, ಡಾಕ್ಟರನ್ನು ಒಂದು ಮಾತು ಕೇಳುತ್ತೇನೆ” ಅಂದರೆ ಡಾಕ್ಟರ್ ತಪ್ಪು ಮಾಡಿದ್ದಾರೆ ಅಂತಲೇ ಅರ್ಥವಲ್ಲ, ಗಾಬರಿ ಬೇಡ. ಇನ್ನೊಂದು ವಿಷಯ: ನೀವಾಗಿಯೇ ನಿಲ್ಲಿಸಿಬಿಟ್ಟ ಮಾತ್ರೆಗಳನ್ನೂ ಆ ಪಟ್ಟಿಯಲ್ಲಿ ಬರೆಯಿರಿ, ಯಾಕೆ ನಿಲ್ಲಿಸಿದಿರಿ ಎಂಬ ಕಾರಣದ ಸಮೇತ.